ಡಿಸೆಂಬರ್ ರಜೆಯಲ್ಲಿ ಬದಿಯಡ್ಕದಿಂದ ತಲಕಾವೇರಿಗೆ: ಹೆದ್ದಾರಿ ಬಿಟ್ಟು ಬೈಕಿನಲ್ಲಿ ಹೋಗಲು ಒಳಮಾರ್ಗ ಯಾವುದು?

ವರದಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿಯ ಕನ್ನಡ ಮಾಧ್ಯಮ ಶಾಲೆಯೊಂದರ ಅಧ್ಯಾಪಕ. ಈ ಸಲದ ಕ್ರಿಸ್ಮಸ್ ರಜೆಯಲ್ಲಿ ಪತ್ನಿಯೊಂದಿಗೆ ಬೈಕಿನಲ್ಲಿ ತಲಕಾವೇರಿಯವರೆಗೆ ಹೋಗಿಬರಬೇಕೆಂದು ಮನಸ್ಸು ಮಾಡಿದ್ದೇನೆ. ಸದ್ಯ ಮೂರು ದಿನಗಳ ಲೆಕ್ಕ ಹಾಕಿದ್ದೇನೆ. ತೀರಾ ಅಗತ್ಯವಾದರೆ ನಾಲ್ಕು ದಿನ ಮಾಡಬಹುದು. ಮನೆಯಲ್ಲಿ ಅಡಿಕೆ ಕೊಯ್ಲು ನಡೆಯುತ್ತಿರುವುದರಿಂದ ಅದಕ್ಕಿಂತ ಹೆಚ್ಚು ದಿನ ತಂದೆಯವರೊಬ್ಬರ ಮೇಲೆ ಕೆಲಸ ಬಿಟ್ಟು ಹೊರಡಲು ಮನಸ್ಸು ಒಪ್ಪುವುದಿಲ್ಲ.

ಹೆದ್ದಾರಿಯಲ್ಲಿ ಹೋಗುವ ಆಸೆ ನಮ್ಮಿಬ್ಬರಿಗೂ ಇಲ್ಲ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥಗಳಾದ ಮೇಲೆ ಮಂಗಳೂರಿಗೆ ಬೇಗ ತಲುಪುತ್ತೇವೆ ಎಂಬುದು ನಿಜ, ಆದರೆ ದಾರಿಯ ಇಕ್ಕೆಲದಲ್ಲಿ ಯಾವ ಊರು ಬಂತು, ಯಾವುದು ಹೋಯಿತು ಎಂಬುದೇ ತಿಳಿಯುವುದಿಲ್ಲ. ತೋಟ, ಹೊಳೆ, ಪದವು, ಕಾಡು ಇವೆಲ್ಲ ಕಣ್ಣಿಗೆ ಬೀಳುವಂತೆ, ನಡುವೆ ಎಲ್ಲಿಯಾದರೂ ಗೂಡಂಗಡಿಯ ಎದುರು ನಿಲ್ಲಿಸಿ ಚಹಾ ಕುಡಿಯುವಂತೆ ಹೋಗಬೇಕೆಂಬುದು ನಮ್ಮ ಅಪೇಕ್ಷೆ.

ನಾನು ಹಾಕಿಕೊಂಡ ಯೋಜನೆ ಹೀಗಿದೆ. ಮೊದಲ ದಿನ ಪೆರ್ಲ, ವಿಟ್ಲ, ಪುತ್ತೂರು ದಾರಿಯಾಗಿ ಸುಬ್ರಹ್ಮಣ್ಯಕ್ಕೆ ಹೋಗಿ, ಬಿಸಿಲೆ ಘಾಟಿ ಹತ್ತಿ ಸಕಲೇಶಪುರದಲ್ಲಿ ತಂಗುವುದು. ಎರಡನೆಯ ದಿನ ಸೋಮವಾರಪೇಟೆ, ಮಡಿಕೇರಿ ಮೂಲಕ ಭಾಗಮಂಡಲ ಸೇರುವುದು. ಮೂರನೆಯ ದಿನ ತಲಕಾವೇರಿ ನೋಡಿಕೊಂಡು ಕರಿಕೆ, ಪಾಣತ್ತೂರು, ಬಂದಡ್ಕ, ಮುಳ್ಳೇರಿಯ ಮಾರ್ಗವಾಗಿ ಮನೆ ಸೇರುವುದು. ಬೈಕು ನಾಲ್ಕು ವರ್ಷ ಹಳೆಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ಸ್ಪೋಕ್ ಚಕ್ರ, ಟ್ಯೂಬ್ ಇರುವ ಟಯರು. ಶಾಲೆಗೆ, ಪೇಟೆಗೆ, ನೆಂಟರ ಮನೆಗೆ ಬಿಟ್ಟರೆ ಇಷ್ಟು ದೂರ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋದ ಅಭ್ಯಾಸ ನನಗಿಲ್ಲ.

ಈ ಯೋಜನೆ ಮೂರು ದಿನಕ್ಕೆ ಹೊಂದುವುದೇ? ಕರಿಕೆಯ ಘಾಟಿಯನ್ನು ಇಳಿಯುವುದು ಒಳ್ಳೆಯದೋ, ಹತ್ತುವುದು ಒಳ್ಳೆಯದೋ? ಫೋನಿನ ನಕ್ಷೆಯನ್ನು ಈ ಒಳಮಾರ್ಗಗಳಲ್ಲಿ ಎಷ್ಟರ ಮಟ್ಟಿಗೆ ನಂಬಬಹುದು? ಈ ಮಾರ್ಗಗಳಲ್ಲಿ ಓಡಾಡುವವರು ದಯವಿಟ್ಟು ತಿಳಿಸಬೇಕು.

ಮುಳ್ಳೇರಿಯ ಕೃಷಿಕ

ಮಾಸ್ತರರೇ, ನಿಮ್ಮ ಆಸೆ ಬಹಳ ಒಳ್ಳೆಯದು. ಯೋಜನೆ ಮಾತ್ರ ಮೂರು ದಿನಕ್ಕೆ ಹೊಂದುವುದಿಲ್ಲ; ನಾಲ್ಕು ದಿನಕ್ಕೂ ಹೊಂದುವುದಿಲ್ಲ ಎಂದೇ ನನ್ನ ಅಭಿಪ್ರಾಯ. ನೀವು ಕಿಲೋಮೀಟರ್ ಕೂಡಿಸಿ ಲೆಕ್ಕ ಹಾಕಿದ್ದೀರಿ. ನಮ್ಮ ಕಡೆಯ ಒಳಮಾರ್ಗಗಳಿಗೆ ಗಂಟೆಯ ಲೆಕ್ಕವೇ ಸರಿ. ಒಂದು ಬಸ್ಸು ಎದುರಾದರೆ ಡಾಮರು ಬಿಟ್ಟು ಮಣ್ಣಿಗಿಳಿದು ನಿಲ್ಲಬೇಕಾದ ಮಾರ್ಗದಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಸಾಮಾನು ಕಟ್ಟಿಕೊಂಡು ಹೋಗುವಾಗ ಗಂಟೆಗೆ 25 ಕಿಲೋಮೀಟರ್ ಸಾಗಿದರೆ ಅದು ಚೆನ್ನಾಗಿಯೇ ಸಾಗಿದ ಹಾಗೆ. ಡಿಸೆಂಬರಿನಲ್ಲಿ ಸಂಜೆ ಆರೂಕಾಲರ ಒಳಗೆ ಸೂರ್ಯ ಮುಳುಗುತ್ತದೆ. ಮಲೆಯ ಮರೆಯಲ್ಲಿ ಐದೂವರೆಗೇ ಕತ್ತಲೆ ಕವಿಯುತ್ತದೆ. ಬೆಳಿಗ್ಗೆ ತೋಟದ ನಡುವಿನ ಮಾರ್ಗಗಳು ಇಬ್ಬನಿಯಿಂದ ಒದ್ದೆಯಾಗಿ, ನೆರಳಿರುವ ಕಡೆ ಪಾಚಿ ಜಾರುತ್ತಾ ಒಂಬತ್ತು ಗಂಟೆಯವರೆಗೂ ಹಾಗೆಯೇ ಇರುತ್ತವೆ. ಚಹಾ, ಊಟ, ನೋಡುವ ಜಾಗ ಎಲ್ಲ ಕಳೆದರೆ ದಿನಕ್ಕೆ ನಿಮ್ಮ ಕೈಯಲ್ಲಿ ಉಳಿಯುವುದು ಐದು ಗಂಟೆಯ ಸವಾರಿ. ಅದಕ್ಕೆ ತಕ್ಕಂತೆ ಮಾರ್ಗವನ್ನು ಆರಿಸಿಕೊಳ್ಳಿ.

ಹಾಗಾಗಿ ಬಿಸಿಲೆಯನ್ನು ಈ ಸಲ ಬಿಟ್ಟುಬಿಡಿ. ಬಿಸಿಲೆಯ ವೀಕ್ಷಣಾ ತಾಣದಲ್ಲಿ ನಿಂತು ಕುಮಾರ ಪರ್ವತವನ್ನು ನೋಡಬೇಕಾದರೆ ಅಲ್ಲಿಗೇ ಎಂದು ಪ್ರತ್ಯೇಕ ಎರಡು ದಿನ ತೆಗೆದಿಡಬೇಕು. ಸಕಲೇಶಪುರ, ಸೋಮವಾರಪೇಟೆ, ಮಡಿಕೇರಿ ಎಂದು ಸುತ್ತಿದರೆ ನಿಮ್ಮ ಅರ್ಧ ರಜೆ ಪ್ರವಾಸಿಗರ ಕಾರುಗಳ ಹಿಂದೆ ಹೊಗೆ ಕುಡಿಯುವುದರಲ್ಲಿ ಕಳೆದುಹೋಗುತ್ತದೆ. ಡಿಸೆಂಬರ್ ಕೊನೆಯ ವಾರದಲ್ಲಿ ಮಡಿಕೇರಿಯ ಜನಜಂಗುಳಿ ಎಷ್ಟಿರುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ನನ್ನ ಸಲಹೆ ಏನೆಂದರೆ, ಹೊಳೆಯನ್ನು ಹಿಡಿದು ಹೋಗಿ. ಕಾಸರಗೋಡಿನ ಕೋಟೆಯ ಬುಡದಲ್ಲಿ ಕಡಲು ಸೇರುವಾಗ ಚಂದ್ರಗಿರಿ ಎಂದು ಕರೆಸಿಕೊಳ್ಳುವ ಹೊಳೆಯೇ ನಮ್ಮಲ್ಲಿ, ಸುಳ್ಯದಲ್ಲಿ ಪಯಸ್ವಿನಿ. ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಬಂದು, ಆದೂರು ದಾಟಿ ಜಾಲ್ಸೂರಿಗೆ ಹೋಗುವ ಮಾರ್ಗ ರಾಜ್ಯ ಹೆದ್ದಾರಿ ಎಂಬ ಹೆಸರು ಹೊತ್ತಿದ್ದರೂ ಕಾಡು, ಗೇರುತೋಟ, ಅಡಿಕೆ ತೋಟಗಳ ನಡುವೆ ಬಳುಕುತ್ತಾ ಸಾಗುತ್ತದೆ. ಅಡೂರಿನ ಮಹಾಲಿಂಗೇಶ್ವರ ದೇವಸ್ಥಾನಕ್ಕೆ ತಿರುಗಿದರೆ ಪಯಸ್ವಿನಿಯನ್ನು ಹತ್ತಿರದಿಂದ ನೋಡಬಹುದು. ಜಾಲ್ಸೂರಿನಿಂದ ಸುಳ್ಯದವರೆಗೆ ಮಾತ್ರ ಮಾಣಿ–ಮೈಸೂರು ಹೆದ್ದಾರಿಯನ್ನು ಸಹಿಸಿಕೊಳ್ಳಬೇಕಾಗುತ್ತದೆ, ಅದು ಹೆಚ್ಚು ದೂರವಿಲ್ಲ.

ಸುಳ್ಯ ದಾಟಿ ಸ್ವಲ್ಪ ಮುಂದಕ್ಕೆ ಅರಂಬೂರಿನವರೆಗೆ ಹೋಗಿಬನ್ನಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ಸುಳ್ಯದ ಗಿರೀಶ್ ಭಾರದ್ವಾಜರು ಹೊಳೆಯಾಚೆಯ ಜನರ ಕಷ್ಟ ನೋಡಿ ತಮ್ಮ ಮೊದಲ ತೂಗುಸೇತುವೆಯನ್ನು 1989ರಲ್ಲಿ ಕಟ್ಟಿದ್ದು ಅಲ್ಲಿ, ಇದೇ ಪಯಸ್ವಿನಿಗೆ. ಆಮೇಲೆ ಅವರು ದೇಶದ ಹಲವು ಕಡೆ ನೂರಕ್ಕೂ ಹೆಚ್ಚು ತೂಗುಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಮಕ್ಕಳಿಗೆ ಶಾಲೆಯೇ ಇಲ್ಲ ಎಂಬ ಸ್ಥಿತಿಯನ್ನು ನೀವೂ ಕಂಡವರು. ನಿಮ್ಮ ತರಗತಿಯಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗಲಿಕ್ಕಿಲ್ಲ.

ಅರಂಬೂರಿನಿಂದ ಸುಳ್ಯಕ್ಕೆ ಹಿಂದಿರುಗಿ ಆಲೆಟ್ಟಿಯ ಕಡೆಗೆ ತಿರುಗಿ. ಆಲೆಟ್ಟಿ, ಬಡ್ಡಡ್ಕ, ಕಲ್ಲಪಳ್ಳಿ, ಪಾಣತ್ತೂರು: ನೀವು ಹುಡುಕುತ್ತಿರುವ ಒಳಮಾರ್ಗ ಎಂದರೆ ಇದೇ. ಕಲ್ಲಪಳ್ಳಿ ಕೇರಳಕ್ಕೆ ಸೇರಿದ್ದರೂ ಅಲ್ಲಿನ ಜನರ ಮನೆಮಾತು, ಪೇಟೆ, ನೆಂಟಸ್ತಿಕೆ ಎಲ್ಲ ಸುಳ್ಯದ ಕಡೆಗೇ. ಗಡಿ ದಾಟಿದ್ದು ನಿಮಗೆ ತಿಳಿಯುವುದು ಮೈಲಿಗಲ್ಲಿನ ಅಕ್ಷರ ಬದಲಾದಾಗ ಮಾತ್ರ.

ನಕ್ಷೆಯ ವಿಷಯದಲ್ಲಿ ನನ್ನ ಅನುಭವವನ್ನೇ ಹೇಳುತ್ತೇನೆ. ಮೂರು ವರ್ಷದ ಹಿಂದೆ ಒಂದು ಮದುವೆಗೆಂದು ಹೊರಟವನು ಫೋನು ತೋರಿಸಿದ ಹತ್ತಿರದ ದಾರಿಯನ್ನು ನಂಬಿ, ರಬ್ಬರ್ ತೋಟದ ಒಳಗಿಂದ ಮುರಕಲ್ಲಿನ ಕಚ್ಚಾ ಮಾರ್ಗದಲ್ಲಿ ಇಳಿದು ಹೊಳೆಯ ದಡಕ್ಕೆ ಹೋಗಿ ನಿಂತಿದ್ದೆ. ಎದುರು ದಡದಲ್ಲಿ ಡಾಮರು ಮಾರ್ಗ ಕಾಣುತ್ತಿತ್ತು, ನಡುವೆ ಇದ್ದದ್ದು ಜನ ನಡೆದು ದಾಟುವ ಸಂಕ. ತಿರುಗಿಸಿ ಹತ್ತುವಾಗ ಸಡಿಲ ಕಲ್ಲಿನ ಮೇಲೆ ಹಿಂದಿನ ಚಕ್ರ ಜಾರಿ ಬೈಕು ನನ್ನ ಕಾಲಿನ ಮೇಲೆಯೇ ಮಗುಚಿತು. ಸೈಲೆನ್ಸರ್ ತಾಗಿ ಸುಟ್ಟ ಗುರುತು ಮೀನಖಂಡದಲ್ಲಿ ಇನ್ನೂ ಇದೆ. ನಡೆಯುವ ಸಂಕಕ್ಕೂ ಲಾರಿ ಹೋಗುವ ಸೇತುವೆಗೂ ನಕ್ಷೆಯಲ್ಲಿ ಅನೇಕ ಸಲ ಒಂದೇ ಗೆರೆ. ಆದ್ದರಿಂದ ಹೊರಡುವ ಮೊದಲೇ ಉಪಗ್ರಹ ಚಿತ್ರದಲ್ಲಿ ಪ್ರತಿಯೊಂದು ಹೊಳೆ ದಾಟುವ ಜಾಗವನ್ನೂ ದೊಡ್ಡದು ಮಾಡಿ ನೋಡಿಕೊಳ್ಳಿ. ತಲುಪಬೇಕಾದ ಊರನ್ನು ಮಾತ್ರ ಹಾಕಿದರೆ ಫೋನು ತನಗೆ ಬೇಕಾದ ದಾರಿ ಹಿಡಿಯುತ್ತದೆ. ಆಲೆಟ್ಟಿ, ಬಡ್ಡಡ್ಕ, ಕಲ್ಲಪಳ್ಳಿ ಎಂದು ನಡುವಿನ ಊರುಗಳನ್ನು ಒಂದೊಂದಾಗಿ ಸೇರಿಸಿ. ಕಾಡಿನೊಳಗೆ ಸಿಗ್ನಲ್ ಇರುವುದಿಲ್ಲವಾದ್ದರಿಂದ ಆ ಭಾಗದ ನಕ್ಷೆಯನ್ನು ಮನೆಯಲ್ಲಿರುವಾಗಲೇ ಫೋನಿಗೆ ಇಳಿಸಿಕೊಳ್ಳಿ. ಒಂದು ಕಾಗದದಲ್ಲಿ ಊರುಗಳ ಹೆಸರನ್ನು ಕ್ರಮವಾಗಿ ಬರೆದು ಟ್ಯಾಂಕಿನ ಮೇಲೆ ಅಂಟಿಸಿಕೊಂಡರೆ ಅದರಷ್ಟು ಉಪಕಾರಿ ಬೇರೊಂದಿಲ್ಲ.

ಕರಿಕೆಯ ಮಗಳು

ನನ್ನ ತವರು ಕರಿಕೆ, ಕೊಟ್ಟ ಮನೆ ಪಾಣತ್ತೂರು. ಕೆಲಸದ ನಿಮಿತ್ತ ಸ್ಕೂಟರಿನಲ್ಲಿ ದಿನಾಲೂ ಈ ಮಾರ್ಗಗಳಲ್ಲೇ ಇರುತ್ತೇನೆ, ಹಾಗಾಗಿ ಮುಳ್ಳೇರಿಯದ ಅಣ್ಣ ಹೇಳಿದ ಮಾತಿಗೆ ಕೆಲವು ಸಂಗತಿಗಳನ್ನು ಸೇರಿಸಬೇಕೆನಿಸಿತು.

ಕಲ್ಲಪಳ್ಳಿಯಿಂದ ಪಾಣತ್ತೂರಿಗೆ ಬರುವಾಗ ಪರಿಯಾರಂ ಎಂಬಲ್ಲಿ ಕಡಿದಾದ ಇಳಿಜಾರು ಇದೆ. 2021ರ ಜನವರಿಯಲ್ಲಿ ಕರ್ನಾಟಕದ ಕಡೆಯಿಂದ ಬರುತ್ತಿದ್ದ ಮದುವೆ ದಿಬ್ಬಣದ ಬಸ್ಸು ಅಲ್ಲಿ ಹತೋಟಿ ತಪ್ಪಿ ಕೆಳಗಿನ ಮನೆಯ ಮೇಲೆ ಉರುಳಿತು. ಹಲವರು ಜೀವ ಕಳೆದುಕೊಂಡರು. ಮದುವೆಯ ಮನೆಯಲ್ಲಿ ಊಟದ ಎಲೆ ಹಾಕುವ ಹೊತ್ತಿಗೆ ಆ ಸುದ್ದಿ ಬಂದದ್ದನ್ನು ನಮ್ಮ ಊರಿನವರು ಇಂದಿಗೂ ಮರೆತಿಲ್ಲ. ಮಾರ್ಗ ಅಗಲವಾಗಿ, ನುಣುಪಾಗಿ ಇರುವುದರಿಂದ ಹೊಸಬರಿಗೆ ಇಳಿಜಾರಿನ ಕಡಿದು ಗೊತ್ತಾಗುವುದಿಲ್ಲ. ಮಾಸ್ತರರು ದಯವಿಟ್ಟು ಇಳಿಜಾರು ಆರಂಭವಾಗುವ ಮೊದಲೇ ಎರಡನೆಯ ಗೇರಿಗೆ ಬನ್ನಿ, ಕೊನೆಯವರೆಗೂ ಅದರಲ್ಲೇ ಇಳಿಯಿರಿ. ಇಳಿಯುತ್ತಾ ಇಳಿಯುತ್ತಾ ಗೇರು ಬದಲಿಸುವ ಯೋಚನೆ ಮಾಡಬೇಡಿ.

ಮೊದಲ ರಾತ್ರಿ ರಾಣಿಪುರದಲ್ಲಿ ತಂಗಿ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಹುಲ್ಲುಗಾವಲು ಅದು. ಅರಣ್ಯ ಇಲಾಖೆಯ ಟಿಕೆಟ್ ಪಡೆದು ಕಾಡಿನೊಳಗಿಂದ ನಡೆದು ಹತ್ತಬೇಕು. ಮಳೆಗಾಲದಲ್ಲಿ ಇಂಬಳದ ಕಾಟ ಹೇಳತೀರದು, ಡಿಸೆಂಬರಿನಲ್ಲಿ ಆ ತೊಂದರೆ ಇಲ್ಲ. ಸಂಜೆ ತಲುಪಿ ಮಲಗಿ, ಮರುದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹತ್ತಿ ಇಳಿದರೆ ಹನ್ನೊಂದು ಗಂಟೆಗೆ ಪಾಣತ್ತೂರಿನಲ್ಲಿ ಇರುತ್ತೀರಿ. ಅಷ್ಟು ಹೊತ್ತಿಗೆ ಕರಿಕೆಯ ಘಾಟಿಯ ಮಂಜೂ ಹರಿದಿರುತ್ತದೆ, ಮಾರ್ಗವೂ ಒಣಗಿರುತ್ತದೆ.

ಘಾಟಿಯನ್ನು ಹತ್ತುವುದೋ ಇಳಿಯುವುದೋ ಎಂದು ಕೇಳಿದ್ದೀರಿ. ಹತ್ತುವುದೇ ಸರಿ. ಮಾರ್ಗ ಇಕ್ಕಟ್ಟು, ತಿರುವುಗಳು ಒಂದರ ಬೆನ್ನಿಗೊಂದು. ಹತ್ತುವಾಗ ಬೈಕು ತಾನಾಗಿಯೇ ನಿಧಾನವಾಗುತ್ತದೆ, ಹಿಂದೆ ಕುಳಿತವರ ಭಾರ ನಿಮ್ಮ ಬೆನ್ನಿನ ಮೇಲೆ ಬೀಳುವುದಿಲ್ಲ, ಕಣ್ಣೆತ್ತಿ ಕಾಡನ್ನು ನೋಡಲು ಪುರುಸೊತ್ತು ಸಿಗುತ್ತದೆ. ಪ್ರತಿ ತಿರುವಿನಲ್ಲಿ ಹಾರ್ನ್ ಹಾಕಲೇಬೇಕು. ಎಷ್ಟೋ ಹೊತ್ತು ಯಾರೂ ಎದುರಾಗದೆ, ಇನ್ನು ಯಾರೂ ಬರಲಾರರು ಎಂದುಕೊಂಡ ಹೊತ್ತಿಗೇ ಬಸ್ಸು ತಿರುಗಿಕೊಂಡು ಬರುವುದು.

ನಾನು ಚಿಕ್ಕವಳಿದ್ದಾಗ ತಂದೆಯವರು ತಲಕಾವೇರಿಗೆ ಕರೆದುಕೊಂಡು ಹೋಗುವಾಗ ಘಾಟಿಯ ನೆತ್ತಿಯಲ್ಲಿ ಜೀಪು ನಿಲ್ಲಿಸಿ ತೋರಿಸುತ್ತಿದ್ದ ಒಂದು ವಿಷಯವನ್ನು ನಿಮಗೂ ಹೇಳುತ್ತೇನೆ. ಅಲ್ಲಿಯವರೆಗೆ ಮಾರ್ಗದ ಬದಿಯ ತೋಡುಗಳೆಲ್ಲ ನೀವು ಬಂದ ದಿಕ್ಕಿಗೆ, ನಮ್ಮ ಊರಿನ ಕಡೆಗೆ ಹರಿಯುತ್ತಿರುತ್ತವೆ. ನೆತ್ತಿ ದಾಟಿದ ಮೇಲೆ ಸಿಗುವ ಮೊದಲ ತೋಡು ನಿಮ್ಮ ಜೊತೆಗೇ ಮುಂದಕ್ಕೆ, ಭಾಗಮಂಡಲದ ಕಡೆಗೆ ಹರಿಯುತ್ತದೆ. ಹಿಂದಿನ ತೋಡಿನ ನೀರು ಅರಬ್ಬಿ ಸಮುದ್ರಕ್ಕೆ, ಮುಂದಿನದು ಕಾವೇರಿಯಾಗಿ ಬಂಗಾಳ ಕೊಲ್ಲಿಗೆ. ಎಂಜಿನ್ ಆರಿಸಿ ಎರಡು ನಿಮಿಷ ನಿಂತರೆ ಎರಡೂ ಕಡೆಯ ನೀರಿನ ಸದ್ದು ಕೇಳುತ್ತದೆ. ಪಯಸ್ವಿನಿಯನ್ನು ಹಿಡಿದು ಬಂದವರಿಗೆ ಆ ಜಾಗ ವಿಶೇಷವಾಗಿಯೇ ಕಾಣಬಹುದು.

ಭಾಗಮಂಡಲದಿಂದ ತಲಕಾವೇರಿ 8 ಕಿಲೋಮೀಟರ್, ಎತ್ತರ 1,276 ಮೀಟರ್. ಸಂಜೆ ಅಲ್ಲಿಗೆ ಹೋಗಿ ಬಂದು ಭಾಗಮಂಡಲದಲ್ಲಿ ತಂಗುವುದಾದರೆ ದಪ್ಪ ಸ್ವೆಟರ್ ಕೈಗೆ ಸಿಗುವಂತೆ ಮೇಲೆಯೇ ಇಟ್ಟುಕೊಳ್ಳಿ.

ಇನ್ನೊಂದು ಮಾತನ್ನು ಟೀಚರ ಪರವಾಗಿ ಹೇಳುತ್ತೇನೆ (ಅವರೂ ಟೀಚರಾಗಿದ್ದರೆ, ಇಲ್ಲದಿದ್ದರೆ ಕ್ಷಮಿಸಿ). ಹಿಂದೆ ಕುಳಿತವರಿಗೆ ಮುಂದಿನ ಗುಂಡಿ ಕಾಣುವುದಿಲ್ಲ, ಬ್ರೇಕು ಬೀಳುವುದು ಮೊದಲೇ ತಿಳಿಯುವುದಿಲ್ಲ. ಅದರಿಂದಾಗಿ ಅವರ ಸೊಂಟ ನಿಮ್ಮದಕ್ಕಿಂತ ಬೇಗ ದಣಿಯುತ್ತದೆ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ. ಮನೆಯಿಂದ ಹೊರಟ ಮೇಲೆ ಹೆಂಗಸರು ಶೌಚಾಲಯಕ್ಕೆ ಹೋಗಬಹುದಾದ ಜಾಗ ಮುಳ್ಳೇರಿಯ, ಸುಳ್ಯ, ಪಾಣತ್ತೂರು, ಭಾಗಮಂಡಲದಂತಹ ಪೇಟೆಗಳಲ್ಲಿ ಮಾತ್ರ. ಇದನ್ನು ನಿಮ್ಮ ಗಂಟೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಲೇಬೇಕು. ಹಾಗೆಯೇ ಇಬ್ಬರಿಗೂ ಒಳ್ಳೆಯ ಹೆಲ್ಮೆಟ್ ಇರಲಿ. ಹಿಂದಿನವರಿಗೆ ನೆಪಮಾತ್ರದ ಟೊಪ್ಪಿ ಸಾಲದು.

ಕುಂಬಳೆ ಗ್ಯಾರೇಜ್

ಬೈಕಿನ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಇಪ್ಪತ್ತು ವರ್ಷಗಳಿಂದ ಇದೇ ಕೆಲಸ.

ಹೊರಡುವ ಹಿಂದಿನ ದಿನ ಸರ್ವೀಸ್ ಮಾಡಿಸುವುದು ಎಲ್ಲರೂ ಮಾಡುವ ತಪ್ಪು. ಹತ್ತು ದಿನ ಮೊದಲೇ ಮಾಡಿಸಿ, ಆಮೇಲೆ ಶಾಲೆಗೆ ಓಡಿಸಿ ನೋಡಿ. ಎಲ್ಲಿಯಾದರೂ ನಟ್ಟು ಸಡಿಲ ಬಿಟ್ಟಿದ್ದರೆ, ಎಣ್ಣೆ ಜಿನುಗುತ್ತಿದ್ದರೆ ಊರಿನಲ್ಲೇ ಗೊತ್ತಾಗುತ್ತದೆ.

ನಾಲ್ಕು ವರ್ಷದ ಬೈಕಿನಲ್ಲಿ ನಾನು ಮೊದಲು ನೋಡುವುದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಇನ್ನೂ ಬೇಗ. ತೇವ ಸೇರಿದ ಎಣ್ಣೆ ಉದ್ದ ಇಳಿಜಾರಿನಲ್ಲಿ ಡಿಸ್ಕ್ ಬಿಸಿಯಾದಾಗ ಕುದಿದು ಗುಳ್ಳೆ ಬರುತ್ತದೆ. ಆಗ ಲಿವರ್ ಹಿಡಿದರೆ ಸ್ಪಂಜು ಹಿಂಡಿದ ಹಾಗೆ ಒಳಗೆ ಹೋಗುತ್ತದೆ, ಬೈಕು ಮಾತ್ರ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ಎಣ್ಣೆಯನ್ನು ಕೇಳಿ ಬದಲಿಸುವವರು ನನ್ನಲ್ಲಿಗೆ ಬರುವವರಲ್ಲಿ ತೀರಾ ಕಡಿಮೆ. ಶೀಶೆಯ ಕಿಟಕಿಯಲ್ಲಿ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿದ್ದರೆ ಯೋಚನೆ ಮಾಡಬೇಡಿ, ಬದಲಿಸಿ. ಪ್ಯಾಡುಗಳನ್ನೂ ಆಗಲೇ ನೋಡಿಸಿ. ಕರಿಕೆಯ ಅಕ್ಕ ಹೇಳಿದ ಎರಡನೆಯ ಗೇರಿನ ಮಾತಿಗೆ ಕಾರಣ ಇದೇ: ಭಾರವನ್ನು ಎಂಜಿನ್ ಹಿಡಿದುಕೊಂಡರೆ ಬ್ರೇಕು ತಣ್ಣಗಿರುತ್ತದೆ. ಹಿಡಿದೇ ಇರುವುದಕ್ಕಿಂತ ತಿರುವಿನ ಮೊದಲು ಗಟ್ಟಿಯಾಗಿ ಒಮ್ಮೆ ಹಿಡಿದು ಬಿಟ್ಟುಬಿಡಿ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಕಾಲು ಗಂಟೆ ತಣಿಯಲು ಬಿಡಿ, ಅದರ ಮೇಲೆ ನೀರು ಹೊಯ್ಯಬೇಡಿ.

ಟ್ಯೂಬ್ ಟಯರು ಎಂದಿದ್ದೀರಿ. ಟ್ಯೂಬ್‌ಲೆಸ್ ಆಗಿದ್ದರೆ ಮಾರ್ಗದ ಬದಿಯಲ್ಲೇ ಎಳೆ ತುರುಕಿ ಹೋಗಬಹುದಿತ್ತು. ಇದಕ್ಕೆ ಚಕ್ರ ಬಿಚ್ಚಲೇಬೇಕು. ಮುಂದಿನದು 19 ಇಂಚು, ಹಿಂದಿನದು 18 ಇಂಚು. ಎರಡಕ್ಕೂ ಒಂದೊಂದು ಹೊಸ ಟ್ಯೂಬ್, ಸಣ್ಣ ಪಂಪು, ಚಕ್ರ ಬಿಚ್ಚುವ ಸ್ಪ್ಯಾನರು ಜೊತೆಗಿರಲಿ. ನಿಮಗೆ ಹಾಕಲು ಬಾರದಿದ್ದರೂ ಘಾಟಿಯಲ್ಲಿ ಯಾರಾದರೂ ಸಹಾಯಕ್ಕೆ ನಿಂತಾಗ ಸಾಮಾನು ಇಲ್ಲದೆ ಅವರೂ ಏನು ಮಾಡಿಯಾರು? ಕ್ಲಚ್ ಕೇಬಲ್ ಒಂದು, ಫ್ಯೂಸ್ ನಾಲ್ಕು, ಚೈನಿನ ಎಣ್ಣೆ. ಇಷ್ಟು ಸಾಕು.

ಕೊನೆಯದಾಗಿ ಭಾರ. ಆ ಬೈಕೇ 195 ಕಿಲೋ, ಮೇಲೆ ನೀವಿಬ್ಬರು. ಹಿಂದಿನ ಶಾಕ್ ಅಬ್ಸಾರ್ಬರನ್ನು ಎರಡು ಹಂತ ಬಿಗಿ ಮಾಡಿಸಿ. ಚೈನಿನ ಸಡಿಲವನ್ನು ಇಬ್ಬರೂ ಕುಳಿತಾಗ ನೋಡಿಸಿ, ಒಬ್ಬರು ಕುಳಿತಾಗ ಸರಿಯಿದ್ದದ್ದು ಇಬ್ಬರು ಕುಳಿತರೆ ಬಿಗಿಯಾಗುತ್ತದೆ. ಟಯರಿನ ಗಾಳಿಯನ್ನು ಕೈಪಿಡಿಯಲ್ಲಿ ಇಬ್ಬರಿಗೆಂದು ಹೇಳಿದಷ್ಟೇ ಹಾಕಿ. ಚಳಿಯ ಬೆಳಿಗ್ಗೆ, ಬೈಕು ಹೊರಡುವ ಮೊದಲು ಅಳೆಯಿರಿ. ಬಟ್ಟೆಬರೆ ಸೀಟಿನ ಎರಡೂ ಬದಿಗೆ ಸಮಭಾರವಾಗಿ ತೂಗುವ ಚೀಲದಲ್ಲಿರಲಿ. ಹಿಂದಿನ ಕ್ಯಾರಿಯರಿನಲ್ಲಿ ಎತ್ತರಕ್ಕೆ ಕಟ್ಟಿದರೆ ಏರು ತಿರುವಿನಲ್ಲಿ ಮುಂದಿನ ಚಕ್ರ ಹಗುರವಾಗಿ ಹ್ಯಾಂಡಲ್ ಅಲುಗುತ್ತದೆ.

ಪೆಟ್ರೋಲನ್ನು ಸುಳ್ಯದಲ್ಲಿ ತುಂಬಿಸಿ, ನಮ್ಮಲ್ಲಿಗಿಂತ ಕಡಿಮೆ ದರ. 13 ಲೀಟರಿನ ಟ್ಯಾಂಕ್ ತುಂಬಿದರೆ ಕರಿಕೆಯ ಕಾಡಿನಲ್ಲಿ ಮುಳ್ಳು ನೋಡುತ್ತಾ ಹೋಗುವ ಚಿಂತೆ ಇಲ್ಲ.

ವರದಾತೀರ

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಪತ್ನಿಗೆ ಓದಿ ಹೇಳಿದೆ. ಅವಳೂ ಟೀಚರೇ, ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸುವ ಮಾತನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದಾಳೆ. ಬಿಸಿಲೆಯನ್ನು ಬಿಟ್ಟೆವು. ನಿನ್ನೆ ಬ್ರೇಕ್ ಆಯಿಲಿನ ಕಿಟಕಿ ನೋಡಿದೆ, ಕಷಾಯದ ಬಣ್ಣವೇ ಆಗಿತ್ತು. ನಾಳೆ ಬದಲಿಸುತ್ತೇನೆ.

ನಾಲ್ಕು ದಿನ ಎಂದು ತೀರ್ಮಾನಿಸಿದ್ದೇವೆ. ಮೊದಲ ದಿನ ಪಯಸ್ವಿನಿಯ ಜೊತೆ ಸುಳ್ಯಕ್ಕೆ ಹೋಗಿ ಕಲ್ಲಪಳ್ಳಿ ದಾರಿಯಾಗಿ ರಾಣಿಪುರ. ಎರಡನೆಯ ದಿನ ಕರಿಕೆ ಘಾಟಿ ಹತ್ತಿ ಭಾಗಮಂಡಲ, ತಲಕಾವೇರಿ. ಹೋದ ದಾರಿಯಲ್ಲೇ ಹಿಂದಿರುಗುವ ಬದಲು ಮೂರನೆಯ ದಿನ ನಾಪೋಕ್ಲು, ಕಕ್ಕಬ್ಬೆ ಮೂಲಕ ವಿರಾಜಪೇಟೆಗೆ ಹೋಗಿ, ನಾಲ್ಕನೆಯ ದಿನ ಮಾಕುಟ್ಟ ಘಾಟಿ ಇಳಿದು ಕೇರಳದ ಮಲೆನಾಡ ಹೆದ್ದಾರಿಯಲ್ಲಿ ಮನೆಗೆ ಬರಬಹುದೇ? ನಕ್ಷೆಯಲ್ಲಿ ನೋಡಿದರೆ ಒಂದು ಸುತ್ತು ಪೂರ್ಣವಾಗುವಂತೆ ಕಾಣುತ್ತದೆ. ನಾಲ್ಕನೆಯ ದಿನ ಉದ್ದವಾದೀತೋ ಎಂಬ ಅಳುಕು ಉಂಟು.

ಕರಿಕೆಯ ಮಗಳು

ಮೂರನೆಯ ದಿನ ಬಹಳ ಚೆನ್ನಾಗಿದೆ, ದೂರವೂ ಕಡಿಮೆ. ಕಕ್ಕಬ್ಬೆಯ ಹತ್ತಿರ ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಇದೆ. ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಮರದ ಕೆತ್ತನೆಯ, ಹೆಂಚಿನ ಮಾಡಿನ ಎರಡಂತಸ್ತಿನ ಮನೆ. ಅರಮನೆ ಎಂಬ ಹೆಸರು ಕೇಳಿ ಮೈಸೂರನ್ನು ನೆನೆಸಿಕೊಂಡು ಹೋಗಬೇಡಿ, ನಮ್ಮ ಕಡೆಯ ದೊಡ್ಡ ಗುತ್ತಿನ ಮನೆಯಂತೆ ಇದೆ. 1,748 ಮೀಟರಿನ ಬೆಟ್ಟವನ್ನೂ ಹತ್ತುವ ಆಸೆ ಹುಟ್ಟೀತು; ಈ ಸಲ ಬೇಡ, ಮರುದಿನದ ಸವಾರಿಗೆ ಕಾಲಿನಲ್ಲಿ ಬಲ ಬೇಕು. ಆ ಸಮಯದಲ್ಲಿ ಕಾಫಿ ಕೊಯ್ಲು ನಡೆಯುತ್ತಿರುವುದರಿಂದ ತಿರುವಿನ ಆಚೆ ಚೀಲ ಹೇರುವ ಜೀಪೋ ಟ್ರ್ಯಾಕ್ಟರೋ ಅಡ್ಡ ನಿಂತಿರುವುದು ಸಾಮಾನ್ಯ. ಸಾಧ್ಯವಾದರೆ ಕೊಡಗಿನ ಎರಡು ದಿನಗಳು ಶನಿವಾರ, ಭಾನುವಾರ ಆಗದಂತೆ ನೋಡಿಕೊಳ್ಳಿ. ನಮಗೆ ರಜೆ ಇರುವಾಗ ಅಲ್ಲಿನವರಿಗೆ ವಾರದ ನಡುವೆ ಕೆಲಸದ ದಿನ, ವಸತಿಯೂ ಸುಲಭವಾಗಿ ಸಿಗುತ್ತದೆ.

ಮುಳ್ಳೇರಿಯ ಕೃಷಿಕ

ನಿಮ್ಮ ಅಳುಕು ಸರಿಯಾದದ್ದೇ, ಮಾಸ್ತರರೇ. ಆದರೆ ಆ ಸುತ್ತು ಅಷ್ಟು ಚೆನ್ನಾಗಿ ಕೂಡಿ ಬರುತ್ತದೆ ಎಂದರೆ, ಬಿಡಿ ಎಂದು ಹೇಳಲು ನನಗೂ ಮನಸ್ಸಾಗುವುದಿಲ್ಲ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಕಾಡಿನಲ್ಲಿ ಇಳಿದು ಕೂಟುಪುಳದ ಸೇತುವೆ ದಾಟಿದರೆ ಕೇರಳ. ಸ್ವಲ್ಪ ಮುಂದೆ ವಳ್ಳಿತ್ತೋಡಿನಲ್ಲಿ ಬಲಕ್ಕೆ ತಿರುಗಿದರೆ ಮಲೆನಾಡ ಹೆದ್ದಾರಿ. ಉಳಿಕ್ಕಲ್, ಪಯ್ಯಾವೂರು, ಆಲಕ್ಕೋಡ್ ದಾಟಿ ಚೆರುಪುಳದವರೆಗೆ 59 ಕಿಲೋಮೀಟರ್. ಹೆದ್ದಾರಿ ಎಂದ ಮಾತ್ರಕ್ಕೆ ಹೆದರಬೇಡಿ. ಅದು ನಮ್ಮ ನಂದಾರಪದವಿನಿಂದ ತಿರುವನಂತಪುರದ ಪಾರಶ್ಶಾಲೆಯವರೆಗೆ ಗುಡ್ಡೆಯ ಊರುಗಳನ್ನು ಪೋಣಿಸಿಕೊಂಡು ಹೋಗುವ ಎರಡು ಪಥದ ಮಾರ್ಗ. ಅಲ್ಲಿ ಒಳ್ಳೆಯ ವೇಗ ಸಿಗುತ್ತದೆ. ಚೆರುಪುಳದಿಂದ ಕೋಳಿಚ್ಚಾಲಿನವರೆಗೆ ಮಾರ್ಗ ಕೆಲವು ಕಡೆ ಕಾಡಿನೊಳಗೆ ಹೋಗುತ್ತದೆ, ಅಲ್ಲಿ ನಿಧಾನ. ಕೋಳಿಚ್ಚಾಲಿನಿಂದ ಬಂದಡ್ಕ, ಪಡುಪು, ಅಲ್ಲಿಂದ ನಮ್ಮೂರು.

ಒಟ್ಟು ಎಂಟು ಗಂಟೆಯ ದಿನ ಎಂದು ತಿಳಿದು ಬೆಳಿಗ್ಗೆ ಏಳೂವರೆಗೆ ವಿರಾಜಪೇಟೆ ಬಿಡಿ. ಮಾಕುಟ್ಟದ ಇಳಿಜಾರಿಗೂ ಎರಡನೆಯ ಗೇರಿನ ನಿಯಮವೇ. ಮಧ್ಯಾಹ್ನದ ಊಟ ಆಲಕ್ಕೋಡಿನಲ್ಲಿ ಆಗಲಿ. ಬೋರ್ಡುಗಳು ಹೆಚ್ಚಾಗಿ ಮಲಯಾಳದಲ್ಲಿರುತ್ತವೆ. ಓದಲು ತಡವಾದರೆ ಬೈಕು ನಿಲ್ಲಿಸಿ ಓದಿ, ಅಥವಾ ಆಟೋ ಸ್ಟ್ಯಾಂಡಿನಲ್ಲಿ ಕೇಳಿ. ಆಟೋದವರು ಹೇಳಿದ ದಾರಿ ತಪ್ಪಿದ್ದು ನನ್ನ ಅನುಭವದಲ್ಲಿ ಇಲ್ಲ.

ಒಂದು ಕಟ್ಟುನಿಟ್ಟಿನ ಮಾತು ಮಾತ್ರ ನೆನಪಿಡಬೇಕು. ಬಂದಡ್ಕದಿಂದ ಮುಳ್ಳೇರಿಯದವರೆಗಿನ ಕಾಡಂಚಿನ ಭಾಗದಲ್ಲಿ, ಕಾರಡ್ಕ, ಮುಳಿಯಾರು, ದೇಲಂಪಾಡಿ ಪಂಚಾಯತುಗಳಲ್ಲಿ ಕೆಲವು ವರ್ಷಗಳಿಂದ ಆನೆಗಳು ತೋಟಕ್ಕೆ ಇಳಿಯುತ್ತಿವೆ. ಹೊಳೆ ದಾಟಿ ಬರುವ ಅವುಗಳನ್ನು ತಡೆಯಲು ಸೌರಬೇಲಿ ಹಾಕಿದ್ದಾರೆ, ಆದರೂ ಮುಸ್ಸಂಜೆಯ ಮೇಲೆ ಆ ಮಾರ್ಗದಲ್ಲಿ ಬೈಕು ಬೇಡ. ನನ್ನ ತೋಟದಲ್ಲೇ ಕಳೆದ ವರ್ಷ ಹದಿನೆಂಟು ಬಾಳೆ, ಏಳು ಅಡಿಕೆ ಮರ ಒಂದೇ ರಾತ್ರಿಯಲ್ಲಿ ನೆಲಕ್ಕೆ ಬಿದ್ದವು. ಕೋಳಿಚ್ಚಾಲಿಗೆ ತಲುಪಿದಾಗ ಗಡಿಯಾರ ನೋಡಿ. ಮೂರೂವರೆಯ ಒಳಗಾಗಿದ್ದರೆ ಬಂದಡ್ಕದ ಕಡೆಗೆ ತಿರುಗಿ. ಅದಕ್ಕಿಂತ ತಡವಾಗಿದ್ದರೆ ಎಷ್ಟೇ ಆಸೆಯಿದ್ದರೂ ನೇರವಾಗಿ ರಾಜಪುರಂ, ಒಡಯಂಚಾಲ್ ದಾರಿಯಾಗಿ ಹೊಸದುರ್ಗಕ್ಕೆ (ಕಾಞಂಗಾಡಿಗೆ) ಇಳಿದು, ಬೇಕಲದ ಮೇಲೆ ಕಾಸರಗೋಡಿಗೆ ಬಂದು, ಚೆರ್ಕಳದಿಂದ ಬದಿಯಡ್ಕಕ್ಕೆ ಹೋಗಿ. ದೂರ ಹೆಚ್ಚು, ಆದರೆ ಉದ್ದಕ್ಕೂ ದೀಪವಿರುವ ಪೇಟೆಗಳು. ಹಾಗೆ ಬಂದರೆ ಚಂದ್ರಗಿರಿ ಸೇತುವೆಯ ಮೇಲೆ, ಮೂರು ದಿನದ ಹಿಂದೆ ಅಡೂರಿನಲ್ಲಿ ನೋಡಿದ ಹೊಳೆಯನ್ನೇ ಕಡಲು ಸೇರುವಲ್ಲಿ ದಾಟುತ್ತೀರಿ.

ಬಂದಡ್ಕದ ದಾರಿಯಲ್ಲೇ ಬಂದಿರಾದರೆ ಮುಳ್ಳೇರಿಯದಲ್ಲಿ ನಿಲ್ಲದೆ ಹೋಗಬೇಡಿ. ಪೇಟೆಯಲ್ಲಿ ಯಾವ ಹೊಟೇಲಿನ ಎದುರು ನಿಲ್ಲಬೇಕು ಎಂಬುದನ್ನು ಖಾಸಗಿ ಸಂದೇಶದಲ್ಲಿ ತಿಳಿಸುತ್ತೇನೆ, ಬನ್ಸ್ ಸಂಜೆ ಐದರವರೆಗೆ ಸಿಗುತ್ತದೆ.